ಹಕ್ಕಲಾಯುವ ಹೊಲದಿಂದ

ದೈವಜ್ಞಾನದ ಕಾಲೇಜುಗಳಲ್ಲಿ ಓದುತ್ತಿರುವ, ನಾಳೆ ಕನ್ನಡ ಸಭೆಗಳ ಪಾಲಕರಾಗಲಿರುವ ತಮ್ಮಂದಿರೇ, ತಂಗಿಯರೇ,



ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ನೀವೆಲ್ಲ ಓದಿದ್ದೀರಿ, ಪರೀಕ್ಷೆಯಲ್ಲೂ ಅದರ ಮೇಲೆ ಬರೆದಿರುತ್ತೀರಿ. ಮೋವಾಬಿನ ವಿಧವೆ ರೂತಳು ಅತ್ತೆ ನೊವೊಮಿಯ ಜೊತೆ ಬೆತ್ಲೆಹೇಮಿಗೆ ಬರುತ್ತಾಳೆ. ಜವೆಗೋಧಿಯ ಸುಗ್ಗಿ ನಡೆದಿದೆ. ಮನೆಯಲ್ಲಿ ಕಾಳಿಲ್ಲ. ಕೊಯ್ಯುವವರ ಬೆನ್ನ ಹಿಂದೆ ಹೋಗಿ ಅವಳು ಹಕ್ಕಲಾಯುತ್ತಾಳೆ. ಈ ಹಕ್ಕಲು ಎಂಬುದನ್ನು ನಿಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ಕಂಡಿದ್ದೀರಿ?

ಗದಗ, ನವಲಗುಂದ, ನರಗುಂದದ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ ಫೆಬ್ರುವರಿಯ ಹೊತ್ತಿಗೆ ಬಲಿತು ನಿಲ್ಲುತ್ತದೆ. ಆಳುಗಳು ಸಾಲು ಹಿಡಿದು ಕಿತ್ತು, ಸಿವುಡು ಕಟ್ಟಿ, ತೆನೆ ಮುರಿದು ಕಣಕ್ಕೆ ಸಾಗಿಸುತ್ತಾರೆ. ಹೊಲ ಬರಿದಾಯಿತು ಅನ್ನುವ ಹೊತ್ತಿಗೆ ಒಬ್ಬ ಮುದುಕಿ ಬರುತ್ತಾಳೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡಿರುತ್ತಾಳೆ. ಎರಿ ಮಣ್ಣು ಒಣಗಿ ಕಾಲ್ಬೆರಳು ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಆ ಬಿರುಕಿಗೆ ಎರಡು ಬೆರಳು ಹಾಕಿ, ಒಳಗೆ ಬಿದ್ದ ತೆನೆಯನ್ನು ನೋವಾಗದ ಹಾಗೆ ಎತ್ತಿ, ಮಣ್ಣು ಕೊಡವಿ ಉಡಿಗೆ ಹಾಕುತ್ತಾಳೆ. ಬಾಗಿದ ಬೆನ್ನನ್ನು ಹೊಲದ ಬದು ಮುಟ್ಟುವ ತನಕ ನೇರ ಮಾಡುವುದಿಲ್ಲ. ಇಳಿಹೊತ್ತಿಗೆ ಉಡಿ ತುಂಬಿದರೆ ತುಂಬಿತು. ಬಡಿದು, ಕೇರಿ, ಬೀಸಿದರೆ ಎರಡು ದಿನದ ರೊಟ್ಟಿ. ಹೊಲದ ಯಜಮಾನ ಇದನ್ನೆಲ್ಲ ಕಂಡೂ ಕಾಣದವನ ಹಾಗೆ ಆ ಕಡೆ ಮುಖ ಮಾಡಿ ನಿಂತಿರುತ್ತಾನೆ. ಅದು ಅವನು ಆ ಮುದುಕಿಗೆ ತೋರಿಸುವ ಮರ್ಯಾದೆ.

ಇದನ್ನು ಕಂಡವರು ರೂತಳ ಕಥೆಯನ್ನು ಓದುವ ಬಗೆಯೇ ಬೇರೆ. ರೂತಳು ಆ ಸಂಜೆ ಬಡಿದು ತೆಗೆದ ಕಾಳು ಸುಮಾರು ಒಂದು ಏಫಾ, ಅಂದರೆ ಈಗಿನ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೂ ಮೇಲೆ. ತರಗತಿಯಲ್ಲಿ ಕೂತವರಿಗೆ ಅದೊಂದು ಅಳತೆ, ಅಡಿಟಿಪ್ಪಣಿ ನೋಡಿ ಮುಂದೆ ಹೋಗುತ್ತಾರೆ. ಹಕ್ಕಲಾಯ್ದು ಬೆನ್ನು ಬಾಗಿಸಿದ ಹೆಂಗಸಿಗೆ ಮಾತ್ರ ಅಲ್ಲೇ ಏನೋ ಇದೆ ಅನ್ನಿಸುತ್ತದೆ. ಒಬ್ಬಳು ಒಂದೇ ದಿನದಲ್ಲಿ ಬಿದ್ದ ತೆನೆಯಿಂದ ಇಷ್ಟು ಕಾಳು ಮಾಡುವುದು ಆಗದ ಮಾತು. ಯಾರೋ ಬೇಕೆಂದೇ ಬೀಳಿಸಿದ್ದಾರೆ. ನೊವೊಮಿಗೂ ಹಾಗೇ ಅನ್ನಿಸಿತು. ಸೊಸೆ ತಂದ ಕಾಳನ್ನು ನೋಡಿದ್ದೇ ತಡ, ಈ ಹೊತ್ತು ಎಲ್ಲಿ ಆಯ್ದೆ ಎಂದು ಕೇಳುತ್ತಾಳೆ. ಸಿವುಡಿನಿಂದ ತೆನೆ ಕಿತ್ತು ಅವಳ ದಾರಿಯಲ್ಲಿ ಬಿಡಿರಿ, ಗದರಿಸಬೇಡಿರಿ ಎಂದು ಬೋವಜನು ಆಳುಗಳಿಗೆ ಗುಟ್ಟಾಗಿ ಹೇಳಿದ್ದನ್ನು ನಾವು ಓದಿ ತಿಳಿಯುತ್ತೇವೆ. ನೊವೊಮಿ ಅದನ್ನು ಕಾಳಿನ ರಾಶಿ ನೋಡಿಯೇ ತಿಳಿದುಕೊಂಡಳು.

ಈ ಪತ್ರ ಬರೆಯುತ್ತಿರುವುದು ಇದನ್ನೇ ಹೇಳುವುದಕ್ಕೆ. ನೀವು ಪಾಲಕರಾಗಿ ಹೋಗುವ ಸಭೆಯ ಹಿಂದಿನ ಬೆಂಚಿನಲ್ಲಿ ನೊವೊಮಿಯಂಥವರು ಕೂತಿರುತ್ತಾರೆ. ಸತ್ಯವೇದದ ಎಷ್ಟೋ ಗಂಟುಗಳನ್ನು ಬಿಚ್ಚುವ ಬೆರಳು ಅವರ ಕೈಯಲ್ಲಿದೆ. ಅವರ ಮಾತಿಗೆ ಕಿವಿ ಕೊಡದೆ ಆ ಪುಸ್ತಕವನ್ನು ಪೂರ್ತಿ ಓದಲು ನಿಮಗೆ ಆಗುವುದಿಲ್ಲ.

ಕನ್ನಡ ಸತ್ಯವೇದ ಹುಟ್ಟಿದ್ದೇ ಹಾಗೆ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಡೀ ಪುಸ್ತಕ ಕನ್ನಡದಲ್ಲಿ ಅಚ್ಚಾಗಿ ಬರುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಆಮೇಲೆ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಕೂತು ಮತ್ತೆ ತಿದ್ದಿದರು. ಪಕ್ಕದಲ್ಲಿ ಕೂತು ಶಬ್ದ ಹೇಳಿಕೊಟ್ಟ ಕನ್ನಡದ ಮುನ್ಷಿಗಳ ಹೆಸರು ಮುಖಪುಟದ ಮೇಲೆ ಬರಲಿಲ್ಲ. ಆದರೆ ಅವರು ಕೊಟ್ಟ ಮಾತುಗಳು ಒಳಗೆ ಹಾಗೇ ಉಳಿದವು. ಯೋಸೇಫನ ಕನಸಿನಲ್ಲಿ ಬಾಗಿದ್ದು ಸಿವುಡು. ಸ್ನಾನಿಕನಾದ ಯೋಹಾನನು ಹೇಳುವ, ಬರಲಿರುವಾತನ ಕೈಯಲ್ಲಿರುವುದು ಮೊರ, ಆತನು ಹಸನು ಮಾಡುವುದು ಕಣ. ಗಲಿಲಾಯದ ಹುಡುಗ ತಂದದ್ದು ಐದು ರೊಟ್ಟಿ. ಇವೆಲ್ಲ ಬಳ್ಳಾರಿ, ಧಾರವಾಡದ ಹೊಲಮನೆಗಳಲ್ಲಿ ಅದಾಗಲೇ ಇದ್ದ ಮಾತುಗಳು. ಪರದೇಶದ ಕಥೆ ಅವುಗಳ ಮೇಲೆ ಕಾಲಿಟ್ಟು ನಮ್ಮ ಮನೆಯೊಳಕ್ಕೆ ಬಂತು.

ಹಿಂದಿನ ಮಿಶನರಿಗಳಲ್ಲಿ ದೊಡ್ಡವರು ಅನ್ನಿಸಿಕೊಂಡವರೂ ಕಿವಿ ತೆರೆದಿಟ್ಟವರೇ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದರು. ಆಮೇಲೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದು, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಕೊಟ್ಟರು. ಕಾವ್ಯಗಳ ಶಬ್ದದ ಪಕ್ಕಕ್ಕೇ ಹಳ್ಳಿಯ ಗಾದೆಗಳನ್ನೂ ಅದರೊಳಗೆ ಕೂರಿಸಿದರು. ಇವರ ವಿಚಾರ ನಿಮಗೆ ಪಾಠವಾಗಿದೆ. ಬೆಂಗಳೂರಿನಲ್ಲಿ ಕಿಟೆಲರ ಪ್ರತಿಮೆಯನ್ನೂ ನೋಡಿದ್ದೀರಿ. ಅದಕ್ಕೇ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ನಿಲ್ಲಬೇಕಾದದ್ದು ನಮ್ಮದೇ ಮಣ್ಣಿನ ಒಬ್ಬ ಪಾಲಕರ ಹತ್ತಿರ.

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಹುಟ್ಟಿದರು. ಮನೆತನದ ಹೆಸರು ಹಡಗಲಿ ಸೀಮೆಯ ಉತ್ತಂಗಿ ಎಂಬ ಊರಿನದು. ಹಿರಿಯರು ಲಿಂಗಾಯತರಾಗಿದ್ದು ಕ್ರೈಸ್ತರಾದವರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಸೆಮಿನರಿಯಲ್ಲಿ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ವರ್ಷಗಟ್ಟಲೆ ಅಯ್ಯನವರಾಗಿ ದುಡಿದರು. ಭಾನುವಾರದ ಆರಾಧನೆ, ದೀಕ್ಷಾಸ್ನಾನ, ಮದುವೆ, ಮಣ್ಣು, ರೋಗಿಗಳ ಭೇಟಿ, ಸಭೆಯೊಳಗಿನ ಜಗಳದ ಪಂಚಾಯಿತಿ, ಊರೂರಿನ ಸುವಾರ್ತೆಯ ಪ್ರಯಾಣ: ನಾಳೆ ನಿಮ್ಮ ಪಾಲಿಗೆ ಬರುವುದೆಲ್ಲ ಅವರ ಪಾಲಿಗೂ ಬಂದಿತ್ತು. ಇಷ್ಟರ ನಡುವೆ ಅವರು ಸರ್ವಜ್ಞನನ್ನು ಹುಡುಕಿಕೊಂಡು ಹೊರಟರು.

ಆ ಕಾಲಕ್ಕೆ ಸರ್ವಜ್ಞ ಎಲ್ಲರ ಬಾಯಲ್ಲಿದ್ದ, ಒಂದು ಪುಸ್ತಕದಲ್ಲಿ ಇಡಿಯಾಗಿ ಇರಲಿಲ್ಲ. ಮೂರು ಸಾಲಿನ ಅವನ ತ್ರಿಪದಿಗಳು ಬೀಸುವ ಕಲ್ಲಿನ ಮುಂದೆ, ಸಂತೆಯ ಕಟ್ಟೆಯ ಮೇಲೆ, ಮಠದ ಪಡಸಾಲೆಯಲ್ಲಿ ಚೆದುರಿ ಬಿದ್ದಿದ್ದವು. ಉತ್ತಂಗಿಯವರು ಹಸ್ತಪ್ರತಿ ಇದ್ದವರ ಮನೆಗೆ ಹೋದರು, ಬಾಯಿಪಾಠ ಇದ್ದವರ ಎದುರು ಕೂತರು, ಒಂದು ಪಾಠವನ್ನು ಇನ್ನೊಂದಕ್ಕೆ ಹಿಡಿದು ನೋಡಿದರು. 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರಬಂತು. ಎರಡು ಸಾವಿರದಷ್ಟು ವಚನಗಳು ಒಂದೇ ಕಡೆ ಕೂಡಿದವು. ಇವತ್ತು ಶಾಲೆಯ ಮಕ್ಕಳು ಸರ್ವಜ್ಞನನ್ನು ಬಾಯಿಪಾಠ ಹೇಳುವಾಗ ಅದರ ಹಿಂದೆ ಒಬ್ಬ ಪಾದ್ರಿಯ ಸವೆದ ಚಪ್ಪಲಿಗಳಿವೆ. ನಮ್ಮ ಸಭೆಗಳಲ್ಲೇ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ ಅನ್ನುವುದು ಬೇಸರದ ಸಂಗತಿ.

ಸಭಾಪಾಲಕನಿಗೆ ಸರ್ವಜ್ಞನ ಗೊಡವೆ ಏಕೆ ಎಂದು ನಿಮ್ಮಲ್ಲೂ ಕೆಲವರು ಕೇಳಬಹುದು. ಸುವಾರ್ತೆಯ ಕೆಲಸ ಬಿಟ್ಟು ಇದೇನು, ಎಂದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಡುಕಲು ಸತ್ಯವೇದದಿಂದ ಹೊರಗೆ ಹೋಗಬೇಕಾಗಿಲ್ಲ.

ಜ್ಞಾನೋಕ್ತಿಗಳ ಪುಸ್ತಕವನ್ನು ತೆಗೆಯಿರಿ. ಇಪ್ಪತ್ತೈದನೆಯ ಅಧ್ಯಾಯದ ಮೊದಲ ವಚನದಲ್ಲಿ ಯೆಹೂದದ ಅರಸ ಹಿಜ್ಕೀಯನ ಕಡೆಯವರು ಸೊಲೊಮೋನನ ಹೆಸರಿನ ಮಾತುಗಳನ್ನು ನಕಲು ಮಾಡಿ ಕೂಡಿಸಿದ ಸಂಗತಿ ಇದೆ. ಅಂದರೆ ಸೊಲೊಮೋನನಾಗಿ ಇನ್ನೂರು ವರ್ಷದ ಮೇಲೆ ಯಾರೋ ಚೆದುರಿದ್ದನ್ನು ಹೆಕ್ಕಿದರು. ಮೂವತ್ತನೆಯ ಅಧ್ಯಾಯ ಆಗೂರ ಎಂಬವನದು. ಮೂವತ್ತೊಂದನೆಯದು ಲೆಮೂವೇಲ ಎಂಬ ಅರಸನಿಗೆ ಅವನ ತಾಯಿ ಹೇಳಿದ ಬುದ್ಧಿ. ಈ ಇಬ್ಬರೂ ಇಸ್ರಾಯೇಲಿನ ಹೊರಗಿನವರು ಎಂದು ಬಹಳ ಪಂಡಿತರ ಅಭಿಪ್ರಾಯ. ಇನ್ನು ಇಪ್ಪತ್ತೆರಡನೆಯ ಅಧ್ಯಾಯದ ಹದಿನೇಳನೆಯ ವಚನದಿಂದ ಶುರುವಾಗುವ ಭಾಗ ಈಜಿಪ್ಟಿನ ಅಮೆನೆಮೋಪೆ ಎಂಬ ಅಧಿಕಾರಿಯ ಬುದ್ಧಿಮಾತುಗಳಿಗೆ ಎಷ್ಟು ಹತ್ತಿರ ಇದೆ ಎಂಬುದನ್ನು ಜರ್ಮನಿಯ ಆಡಾಲ್ಫ್ ಎರ್ಮಾನ್ ಸಾಲು ಸಾಲು ಹೋಲಿಸಿ ತೋರಿಸಿದರು. ಬಡವನನ್ನು ಸುಲಿಯಬೇಡ, ಹೊಲದ ಗಡಿಕಲ್ಲನ್ನು ಸರಿಸಬೇಡ ಎಂಬ ಎಚ್ಚರಿಕೆ ಎರಡರಲ್ಲೂ ಇದೆ. ಎರ್ಮಾನರ ಬರಹ ಬಂದದ್ದು 1924ರಲ್ಲಿ. ಉತ್ತಂಗಿಯವರ ಸರ್ವಜ್ಞ ಅಚ್ಚಾದ ವರ್ಷವೂ ಅದೇ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ತಿಳಿದಿರುವ ಕಾರಣವಿಲ್ಲ. ಆದರೂ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮನಸ್ಸು ತುಂಬಿ ಬರುತ್ತದೆ. ನೆರೆಯವರ ಹೊಲದಲ್ಲಿ ಬಿದ್ದ ತೆನೆಯನ್ನು ದೇವರ ವಾಕ್ಯವೇ ಆಯ್ದು ಉಡಿಗೆ ಹಾಕಿಕೊಂಡಿದೆ. ಅದೇ ಕೆಲಸವನ್ನು ಧಾರವಾಡದ ಪಾದ್ರಿ ಮಾಡಿದರೆ ಅಡ್ಡಿ ಹೇಗೆ ಹೇಳುವುದು?

ಪೌಲನೂ ಹಾಗೇ ಮಾಡಿದ. ಅಥೇನೆಯಲ್ಲಿ ಅರಿಯೊಪಾಗದ ನಡುವೆ ನಿಂತು ಮಾತಾಡುವಾಗ ಅವನು ಆ ಜನರದೇ ಕವಿಗಳನ್ನು ನೆನೆಸಿದ. ಅದರಲ್ಲಿ ಒಂದು ಮಾತು ಅರಾತ ಎಂಬ ಗ್ರೀಕ್ ಕವಿಯದು, ಅದೂ ಜ್ಯೂಸ್ ದೇವರನ್ನು ಕುರಿತು ಬರೆದ ಪದ್ಯದಿಂದ ಬಂದದ್ದು. ಪೌಲ ಅಳುಕಲಿಲ್ಲ.

ಉತ್ತಂಗಿಯವರು ಸರ್ವಜ್ಞನ ಹತ್ತಿರ ನಿಲ್ಲಲಿಲ್ಲ. ‘ಬೆತ್ಲೆಹೇಮಿನ ಕೂಗು’ ಬರೆದ ಅದೇ ಕೈ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿತು, ಮೋಳಿಗೆ ಮಾರಯ್ಯನ ವಚನಗಳನ್ನು ಹೊರತಂದಿತು, ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥ ಬರೆಯಿತು. ಮೋಳಿಗೆ ಮಾರಯ್ಯನನ್ನು ನೀವು ಮರೆಯಬಾರದು. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದವನು ಎಂದು ಶರಣರ ಕಥೆಗಳು ಹೇಳುತ್ತವೆ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಡೇರೆ ಹೊಲಿದ ಪೌಲನನ್ನು ಬಲ್ಲವರಿಗೆ ಈ ಕಟ್ಟಿಗೆಯ ಹೊರೆ ಪರಕೀಯ ಅನ್ನಿಸದು. ಕೈ ದುಡಿಯುತ್ತಿರಲಿ, ಬಾಯಿ ದೇವರ ಮಾತು ಆಡುತ್ತಿರಲಿ ಎಂಬ ಹಟ ಇಬ್ಬರದೂ ಒಂದೇ.

1949ರಲ್ಲಿ ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಜಾಮನ ಆಳ್ವಿಕೆ ಮುಗಿದು ಇನ್ನೂ ಬಹಳ ದಿನ ಆಗಿರಲಿಲ್ಲ. ಗಾಯ ಹಸಿಯಾಗಿದ್ದ ಆ ನಾಡಿನಲ್ಲಿ ಅಧ್ಯಕ್ಷಪೀಠದ ಮೇಲೆ ಕನ್ನಡಿಗರು ಕೂರಿಸಿದ್ದು ಈ ಪಾದ್ರಿಯನ್ನು. ‘ತಿರುಳ್ಗನ್ನಡದ ತಿರುಕ’ ಎಂಬುದು ಅವರಿಗೆ ನಿಂತ ಹೆಸರು. ತಿರುಕ ಅಂದರೆ ಮನೆ ಮನೆ ತಿರುಗಿ ಬೇಡುವವನು. ಕೊಡುವವನಾಗಿಯೇ ಜನರ ಎದುರು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿರುವ ನೀವು ಈ ಹೆಸರನ್ನು ಎರಡು ಸಲ ಓದಬೇಕು. ಅವರು ಬೇಡಿಕೊಂಡು ಹೋದರು, ಅದಕ್ಕೇ ಬಾಗಿಲುಗಳು ತೆರೆದವು. 1962ರ ಆಗಸ್ಟ್ 28ರಂದು ತೀರಿಕೊಳ್ಳುವ ತನಕ ಅವರು ಕ್ರಿಸ್ತನ ಸೇವಕರೇ ಆಗಿದ್ದರು, ಕನ್ನಡದ ಸೇವಕರೂ ಆಗಿದ್ದರು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

ಈಗ ನಿಮ್ಮ ಸಭೆಯ ಒಂದು ದಿನಕ್ಕೆ ಬನ್ನಿ. ಸುಗ್ಗಿಯ ಹಬ್ಬ, ಕರಾವಳಿಯ ಸಭೆಗಳಲ್ಲಿ ಬೆಳೆ ಹಬ್ಬ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹರಾಜು ಶುರು. ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಹುಂಜ, ಯಾರದೋ ಮನೆಯ ಕೇಕು. ಒಂದೇ ಕುಂಬಳಕಾಯಿಯನ್ನು ಒಬ್ಬರು ಕೂಗಿ ಕೊಂಡು ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬರುತ್ತದೆ. ಮಕ್ಕಳಿಗೆ ಸಡಗರ. ಮೇಜಿನ ಒಂದು ಮೂಲೆಯಲ್ಲಿ ಹಳೆಯ ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿದ ಎರಡು ಮೊಟ್ಟೆ ಇರುತ್ತವೆ. ತಂದವಳು ಒಂಟಿ ಹೆಂಗಸು, ಹೆಸರು ಬರೆಸಿರುವುದಿಲ್ಲ. ಹರಾಜು ಕೂಗುವವರು ಅವನ್ನು ಕೊನೆಗೆ ಎತ್ತುತ್ತಾರೆ. ಯಾರೋ ಅನುಕೂಲಸ್ಥರು ಐನೂರಕ್ಕೋ ಸಾವಿರಕ್ಕೋ ಕೂಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಕೂಗಿದವರಿಗೆ. ಮೊಟ್ಟೆ ತಂದವಳು ಆಗಲೇ ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿರುತ್ತಾಳೆ.

ಮುಂದಿನ ಭಾನುವಾರ ಪ್ರಸಂಗಕ್ಕೆ ಬಡ ವಿಧವೆಯ ಎರಡು ಕಾಸಿನ ಕಥೆ ತೆಗೆದುಕೊಳ್ಳುವುದು ವಾಡಿಕೆ. ನೋಡಿದಿರಾ, ಇದ್ದದ್ದೆಲ್ಲ ಕೊಟ್ಟಳು, ನೀವೂ ಹಾಗೆ ಕೊಡಿರಿ ಎಂದು ಮುಗಿಸುವುದೂ ವಾಡಿಕೆ. ಅಲ್ಲಿ ಸ್ವಲ್ಪ ತಡೆಯಿರಿ. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಆ ಕಥೆಗೆ ಮೊದಲು ಇರುವ ಮಾತನ್ನು ಬಿಟ್ಟು ಓದಬೇಡಿರಿ. ಉದ್ದ ನಿಲುವಂಗಿ ತೊಟ್ಟು, ಪೇಟೆಯಲ್ಲಿ ನಮಸ್ಕಾರ ಬಯಸಿ, ಸಭಾಮಂದಿರದಲ್ಲಿ ಮುಂದಿನ ಪೀಠ ಹಿಡಿದು, ವಿಧವೆಯರ ಮನೆಗಳನ್ನು ನುಂಗಿ, ಉದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸು ಹೇಳಿದ್ದು ಅಲ್ಲಿಯೇ. ಆ ಮಾತು ಮುಗಿದ ಬೆನ್ನಿಗೇ ಒಬ್ಬ ವಿಧವೆ ಬಂದು ತನ್ನ ಜೀವನಕ್ಕಿದ್ದ ಕೊನೆಯ ಕಾಸನ್ನು ದೇವಾಲಯದ ಪೆಟ್ಟಿಗೆಗೆ ಹಾಕುತ್ತಾಳೆ. ಅದಾದ ಮೇಲೆ, ಹದಿಮೂರನೆಯ ಅಧ್ಯಾಯದ ಆರಂಭದಲ್ಲೇ, ಈ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲುವುದಿಲ್ಲ ಎಂಬ ಮಾತು ಬರುತ್ತದೆ. ಮೂರನ್ನೂ ಕೂಡಿಸಿ ಓದಿದರೆ ಯೇಸುವಿನ ದನಿಯಲ್ಲಿ ಮೆಚ್ಚುಗೆಯ ಜೊತೆ ಸಂಕಟವೂ ಕೇಳಿಸುತ್ತದೆ. ಅವಳ ಕೊನೆಯ ಕಾಸೂ ಇಲ್ಲಿಗೇ ಬರಬೇಕಾಯಿತೇ ಎಂಬ ಸಂಕಟ. ನಿಲುವಂಗಿ ತೊಟ್ಟು ನಿಂತವರು ಈ ಭಾಗವನ್ನು ಸಭೆಗೆ ಬೋಧಿಸುವ ಮುಂಚೆ ತಮ್ಮ ಮೇಲೆ ಹಾಕಿಕೊಂಡು ಓದಬೇಕು. ಮೊಟ್ಟೆ ತಂದವಳ ಮನೆಗೆ ಆ ವಾರವೇ ಹೋಗಿ, ಒಲೆ ಹೇಗೆ ಉರಿಯುತ್ತಿದೆ, ಪಿಂಚಣಿ ಬರುತ್ತಿದೆಯೋ ಇಲ್ಲವೋ ಎಂದು ವಿಚಾರಿಸಬೇಕು. ಆ ಭೇಟಿ ಇಲ್ಲದೆ ಆ ಪ್ರಸಂಗ ಆಗುವುದಿಲ್ಲ.

ಒಂದು ಕಹಿ ಮಾತನ್ನೂ ಹೇಳಲೇಬೇಕು. ಇತ್ತೀಚೆಗೆ ನಮ್ಮ ಪ್ರಸಂಗಪೀಠಗಳಲ್ಲಿ ಕೇಳಿಬರುವ ಕನ್ನಡ ಯಾರ ಮನೆಯದೂ ಅಲ್ಲ. ಫೋನಿನಲ್ಲಿ ಕೇಳಿದ ಇಂಗ್ಲಿಷ್ ಪ್ರಸಂಗವನ್ನು ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ಇಳಿಸಿ ಒಪ್ಪಿಸುತ್ತಾರೆ. ಉದಾಹರಣೆಗಳೂ ಅಮೆರಿಕದ ಹಿಮದವು, ಅಲ್ಲಿಯ ಹೆದ್ದಾರಿಯವು. ಎದುರಿಗೆ ಕೂತವರು ಬಿತ್ತನೆ ಬೀಜದ ಸಾಲ, ಕುಡಿಯುವ ಗಂಡ, ಮದುವೆಯಾಗದ ಮಗಳು, ಕೋರ್ಟಿನಲ್ಲಿರುವ ಮನೆ ಜಾಗ, ಡಯಾಲಿಸಿಸ್ಸಿಗೆ ವಾರಕ್ಕೆರಡು ಸಲ ಬಸ್ ಹತ್ತಿಸಬೇಕಾದ ತಾಯಿ, ಇವನ್ನೆಲ್ಲ ಹೊತ್ತುಕೊಂಡು ಬಂದಿರುತ್ತಾರೆ. ಅವರ ಸತ್ಯವೇದದ ಪುಟಗಳು ಎಣ್ಣೆಗೈ ತಾಗಿ ಹಳದಿಯಾಗಿರುತ್ತವೆ. ಆಶೀರ್ವಾದ ಅಂದರೆ ಹೊಸ ಕಾರು ಎಂದು ಅವರಿಗೆ ಹೇಳುವುದು ದ್ರೋಹ. ಯೋಬನ ಗೆಳೆಯರು ಏಳು ದಿನ ಏನೂ ಮಾತಾಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದ ಮೇಲೆ ಅವರು ಆಡಿದ ಮಾತುಗಳಿಗಾಗಿ ದೇವರು ಕೊನೆಗೆ ಅವರ ಮೇಲೆ ಸಿಟ್ಟಾದನು. ಕೂತ ಏಳು ದಿನಗಳಿಗೆ ಯಾವ ಆಕ್ಷೇಪಣೆಯೂ ಬರಲಿಲ್ಲ.

ಕೂತು ಕೇಳುವ ಕೆಲಸಕ್ಕೆ ನಿಮ್ಮ ಕಾಲೇಜಿನಲ್ಲಿ ಅಂಕ ಇಲ್ಲದಿರಬಹುದು. ಆದರೂ ಈ ರಜೆಯಲ್ಲಿ ಊರಿಗೆ ಹೋದಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡುಕೊಳ್ಳಿರಿ. ಸಭೆಯ ಹಿರಿಯರಲ್ಲಿ ಎಪ್ಪತ್ತು ದಾಟಿದವರು ಎಲ್ಲೆಲ್ಲಿ ಇದ್ದಾರೆ ಎಂದು ಕೇಳಿ ತಿಳಿದುಕೊಳ್ಳಿರಿ. ಅಂಥ ಮನೆಗಳಿಗೆ ಹೋದಾಗ ಮೊದಲು ಪ್ರಾರ್ಥನೆ ಎಂದು ಎದ್ದು ನಿಲ್ಲಬೇಡಿರಿ, ಚಹ ಕೊಟ್ಟರೆ ಕುಡಿದು ಕೂತುಕೊಳ್ಳಿರಿ. ಧಾರವಾಡ ಸೀಮೆಯಲ್ಲಾದರೆ ಧಾತು ಈಶ್ವರ ಸಂವತ್ಸರಗಳ ಬರದ, ಅಂದರೆ 1876ರಿಂದ 78ರ ಬರದ ಅನಾಥ ಮಕ್ಕಳ ವಂಶದವರು ಈಗಲೂ ಸಭೆಗಳಲ್ಲಿ ಇದ್ದಾರೆ. ಮುತ್ತಜ್ಜಿಯನ್ನು ಮಿಶನ್ನಿನವರು ಎತ್ತಿಕೊಂಡು ಸಾಕಿದ ಕಥೆ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿರಿ. ಮಂಗಳೂರಿನವರಾದರೆ ಹಂಚಿನ ಕಾರ್ಖಾನೆಯಲ್ಲಿ, ನೇಯ್ಗೆಯ ಮಗ್ಗದಲ್ಲಿ ದುಡಿದವರ ಮನೆಗಳಿಗೆ ಹೋಗಿರಿ. ಕಷ್ಟ ಬಂದಾಗ ಯಾವ ಕೀರ್ತನೆ ಬಾಯಿಗೆ ಬರುತ್ತಿತ್ತು, ಬೀಸುವಾಗ ಯಾವ ಹಾಡು, ಮಣ್ಣಿಗೆ ಹೋಗಿ ಬಂದ ಮೇಲೆ ಮನೆಯಲ್ಲಿ ಏನು ಮಾಡುತ್ತಿದ್ದರು, ಎಲ್ಲವನ್ನೂ ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿರಿ. ತಿದ್ದಬೇಡಿರಿ. ಅವರು ಸರ್ವಜ್ಞನ ತ್ರಿಪದಿ ಹೇಳಿದರೆ ಅದನ್ನೂ ಬರೆಯಿರಿ. ಉತ್ತಂಗಿಯವರ ಕೈಗೆ ಸಿಗದೆ ಉಳಿದದ್ದು ಇನ್ನೂ ಯಾವುದೋ ಬಿರುಕಿನಲ್ಲಿ ಇದ್ದೀತು.

ಹಾಗೆ ಕೇಳುತ್ತ ಹೋಗುವಾಗ, ಹೊಲದ ಕೆಲಸ ಬಲ್ಲ ಅಜ್ಜಿ ಯಾರಾದರೂ ಸಿಕ್ಕರೆ, ರೂತಳ ಎರಡನೆಯ ಅಧ್ಯಾಯವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿರಿ. ಏಫಾ ಎಂದಲ್ಲಿಗೆ ಬಂದಾಗ ಅದು ಎಷ್ಟು ಸೇರು ಆಗುತ್ತದೆ ಎಂದೂ ಹೇಳಿರಿ. ಆಮೇಲೆ ಅವಳ ಮುಖ ನೋಡಿರಿ, ಅವಳು ಏನೆನ್ನುತ್ತಾಳೋ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿರಿ.

ಇಂತಿ,
ನಾಳೆ ನಿಮ್ಮ ಪ್ರಸಂಗ ಕೇಳಲು ಹಿಂದಿನ ಬೆಂಚಿನಲ್ಲಿ ಕೂರುವವರ ಪರವಾಗಿ